‘ಸಣ್ಣ ಆಗಿದ್ದೀಯ, ಸೂಪರ್’ ಅನ್ನೋದನ್ನ ಇವತ್ತಿಗೆ ನಿಲ್ಲಿಸಿ

1/10

ಹೋದ ವಾರ ನಮ್ಮ ಕ್ಲಾಸ್ ಗ್ರೂಪ್‌ಗೆ ಒಂದು ರೀಲ್ ಬಂತು. ಒಬ್ಬ ಹುಡುಗಿ ಮದುವೆ ಊಟದಲ್ಲಿ ಹೋಳಿಗೆ ಮೇಲೆ ಹೋಳಿಗೆ ತಿಂತಾಳೆ. ಆಮೇಲೆ ಬಾತ್‌ರೂಮ್ ಕಡೆ ಓಡ್ತಾಳೆ. ಹೊರಗೆ ಬಂದು ಕ್ಯಾಮೆರಾಗೆ ಕಣ್ಣು ಹೊಡೀತಾಳೆ. ಮೇಲೆ ದಪ್ಪಕ್ಷರದಲ್ಲಿ: ‘ತಿಂದಿದ್ದೂ ಆಯ್ತು, ಫಿಗರ್ರೂ ಉಳೀತು.’

ಗ್ರೂಪ್ ತುಂಬ ನಗುವಿನ ಇಮೋಜಿ. ‘ಇದು ನಾನೇ’ ಅಂತ ನಾಲ್ಕು ಜನ. ‘ಟಿಪ್ಸ್ ಕೊಡೇ’ ಅಂತ ಇನ್ನಿಬ್ಬರು.

ನಾನು ‘ಇದು ಜೋಕ್ ಅಲ್ಲ, ಕಾಯಿಲೆ’ ಅಂತ ಬರೆದೆ. ‘ಎಲ್ಲದಕ್ಕೂ ಸೀರಿಯಸ್ ಆಗ್ತೀಯಲ್ಲ ಮಾರಾಯ್ತಿ’ ಅಂದ್ರು. ಒಬ್ಬ ಮಹಾಶಯ ‘ಊಟ ಜಾಸ್ತಿ ಆದ್ರೆ ವಾಂತಿ ಆಗುತ್ತೆ, ಅದಕ್ಕೂ ಇಂಗ್ಲಿಷ್‌ನಲ್ಲಿ ಒಂದು ಹೆಸರು ಬೇಕಾ?’ ಅಂತ ಕೇಳಿದ.

ಬೇಕು ಕಣೋ. ಹೆಸರು ಬೇಕು. ಹೆಸರಿಲ್ಲದೆ ಇದ್ದಿದ್ದಕ್ಕೇ ನನ್ನ ರೂಮ್‌ಮೇಟ್ ಒಂದು ವರ್ಷ ಪೂರ್ತಿ ತಾನು ಕೆಟ್ಟವಳು, ಹೊಟ್ಟೆಬಾಕಿ, ಹುಚ್ಚಿ ಅಂದ್ಕೊಂಡು ಬದುಕಿದ್ಲು. ಹೆಸರು ಗೊತ್ತಾದ ದಿನ ಅವಳು ಆಸ್ಪತ್ರೆ ಬೆಡ್ ಮೇಲೆ ಡ್ರಿಪ್ ಹಾಕಿಸ್ಕೊಂಡು ಮಲಗಿದ್ಲು.

ಅದರ ಹೆಸರು ಬುಲಿಮಿಯಾ.

ಹತ್ತು ಪೋಸ್ಟ್ ಆಗುತ್ತೆ. ಇಂಟರ್ನಲ್ಸ್ ಮುಗಿದಿದೆ, ಟೈಮ್ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.

ಮೊದಲೇ ಒಂದು ಮಾತು. ಇಲ್ಲಿ ವಾಂತಿ, ಡಯಟ್, ಆಸ್ಪತ್ರೆ ವಿಷಯ ಬರುತ್ತೆ. ನೀವೇ ಈಗ ಈ ಕಷ್ಟದಲ್ಲಿದ್ರೆ, ಓದೋಕೆ ಸಂಕಟ ಆದ್ರೆ, ಎಲ್ಲಾ ಬಿಟ್ಟು 9ನೇ ಪೋಸ್ಟ್‌ಗೆ ಹೋಗಿ. ತೂಕ, ಕ್ಯಾಲೊರಿ, ಸೊಂಟದ ಅಳತೆ ಒಂದನ್ನೂ ಎಲ್ಲೂ ಹಾಕಿಲ್ಲ. ಬೇಕಂತಲೇ.

2/10

ಇದು ಅವಳ ಕಥೆ. ಹೆಸರು ಹೇಳಲ್ಲ. ಹತ್ತೂ ಪೋಸ್ಟನ್ನ ಅವಳೇ ಓದಿ, ಎರಡು ಕಡೆ ತಿದ್ದಿ, ‘ಹಾಕು’ ಅಂದಮೇಲೇ ಹಾಕ್ತಿದ್ದೀನಿ.

ಫಸ್ಟ್ ಇಯರ್. ದಾವಣಗೆರೆಯಲ್ಲಿ ಪಿಜಿ, ಒಂದು ರೂಮಿಗೆ ಮೂವರು. ಸಂಜೆ ಆದ್ರೆ ಮಂಡಕ್ಕಿ ಮಿರ್ಚಿ, ಭಾನುವಾರ ಬೆಣ್ಣೆ ದೋಸೆ. ಹೀಗೇ ಚೆನ್ನಾಗಿತ್ತು. ದಸರಾ ರಜೆಗೆ ಊರಿಗೆ ಹೋದ್ಲು. ಅಲ್ಲಿ ಅವಳ ಅತ್ತೆ ಎಲ್ಲರ ಮುಂದೆ ‘ಸಿಟಿ ಊಟ ಮೈಗೆ ಹತ್ತಿದೆ, ಹಿಂಗಾದ್ರೆ ಗಂಡು ಹುಡುಕೋದು ಕಷ್ಟ’ ಅಂದ್ರಂತೆ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ವಾಪಸ್ ಬಂದವಳು ಬೆಳಗಿನ ತಿಂಡಿ ಬಿಟ್ಲು. ಆಮೇಲೆ ಮಧ್ಯಾಹ್ನದ ಊಟ. ಎರಡು ತಿಂಗಳಿಗೆ ಸಣ್ಣ ಆದ್ಲು. ಕ್ಲಾಸಲ್ಲಿ ಎಲ್ಲರೂ ಹೊಗಳಿದ್ರು. ಮೊದಲು ಹೊಗಳಿದವಳು ನಾನೇ. ‘ಸಣ್ಣ ಆಗಿದ್ದೀಯ, ಸೂಪರ್! ನಿನ್ನ ಡಯಟ್ ನನಗೂ ಹೇಳ್ಕೊಡೇ.’

ಅದೇ ಹೊತ್ತಿಗೆ ರೂಮಲ್ಲಿ ತಿಂಡಿ ಕಾಣೆ ಆಗೋಕೆ ಶುರುವಾಯ್ತು. ಒಂದಿನ ನನ್ನ ಅಮ್ಮ ಕಳಿಸಿದ್ದ ಚಕ್ಕುಲಿ ಡಬ್ಬಿ ರಾತ್ರೋರಾತ್ರಿ ಖಾಲಿ. ನಾನು ಇಡೀ ಪಿಜಿಗೆ ಕೇಳೋ ಹಾಗೆ ‘ಕದ್ದು ತಿನ್ನೋಕೆ ನಾಚಿಕೆ ಆಗಲ್ವಾ?’ ಅಂದೆ. ಅವಳು ಏನೂ ಮಾತಾಡ್ಲಿಲ್ಲ.

ಅದಾದ ಒಂದು ವಾರಕ್ಕೆ ಟೆರೇಸ್ ಮೇಲೆ ಕೂರಿಸ್ಕೊಂಡು ಎಲ್ಲಾ ಹೇಳಿದ್ಲು. ದಿನವಿಡೀ ಉಪವಾಸ. ರಾತ್ರಿ ಕೈಗೆ ಸಿಕ್ಕಿದ್ದೆಲ್ಲ ತಿನ್ನೋದು, ನಿಲ್ಲಿಸೋಕೆ ಆಗದೇ ಇರೋದು. ಆಮೇಲೆ ಬಾತ್‌ರೂಮಿಗೆ ಹೋಗಿ ಕಕ್ಕೋದು. ‘ಯಾರಿಗೂ ಹೇಳ್ಬೇಡ, ನನ್ನ ಮೇಲೆ ಆಣೆ’ ಅಂದ್ಲು.

ನಾಲ್ಕು ತಿಂಗಳು ನಾನು ಆ ಆಣೆ ಉಳಿಸ್ಕೊಂಡೆ. ಒಳ್ಳೆ ಫ್ರೆಂಡ್ ನಾನು ಅಂತ ಹೆಮ್ಮೆ ಬೇರೆ. ಸೆಮ್ ಎಕ್ಸಾಮ್ ದಿನ, ಅಕೌಂಟಿಂಗ್ ಪೇಪರ್ ಅರ್ಧ ಬರೆದಿದ್ದಳು, ಬೆಂಚಿಂದ ಕೆಳಗೆ ಬಿದ್ಲು.

ನಾನು ಕಾಪಾಡಿದ್ದು ಗುಟ್ಟನ್ನ. ಅವಳನ್ನಲ್ಲ.

3/10

ಹಾಗಾದ್ರೆ ಬುಲಿಮಿಯಾ ಅಂದ್ರೇನು?

ಪದ ಗ್ರೀಕ್‌ನದು. ಅರ್ಥ ಹೆಚ್ಚುಕಮ್ಮಿ ‘ಎತ್ತಿನ ಹಸಿವು’. 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಇದನ್ನ ಬೇರೆಯದೇ ಒಂದು ಕಾಯಿಲೆ ಅಂತ ಗುರುತಿಸಿ ‘ಬುಲಿಮಿಯಾ ನರ್ವೋಸಾ’ ಅಂತ ಹೆಸರಿಟ್ಟು ಬರೆದ್ರು. ಅಂದ್ರೆ ನಮ್ಮ ಅಪ್ಪ ಅಮ್ಮ ಹುಟ್ಟಿದ ಕಾಲಕ್ಕೆ ವೈದ್ಯರಿಗೇ ಇದು ಹೊಸದು. ಅವರಿಗೆ ಗೊತ್ತಿಲ್ಲ ಅಂದ್ರೆ ಅವರ ತಪ್ಪಲ್ಲ. ನಮಗೆ ಗೊತ್ತಿಲ್ಲ ಅಂದ್ರೆ ನಮ್ಮ ತಪ್ಪು, ಯಾಕಂದ್ರೆ ಫೋನ್ ನಮ್ಮ ಕೈಯಲ್ಲೇ ಇದೆ.

ಮೂರು ವಿಷಯ ಸೇರಿದ್ರೆ ಈ ಕಾಯಿಲೆ.

ಒಂದು: ಸ್ವಲ್ಪ ಹೊತ್ತಿನಲ್ಲೇ ತುಂಬಾ ತಿನ್ನೋದು, ಆಗ ‘ನಿಲ್ಲಿಸೋಕೆ ನನ್ನ ಕೈಲಿ ಆಗ್ತಿಲ್ಲ’ ಅನ್ನಿಸೋದು. ಮದುವೆ ಮನೇಲಿ ಎರಡು ಹೋಳಿಗೆ ಜಾಸ್ತಿ ತಿನ್ನೋದು ಇದಲ್ಲ. ಆ ಹೋಳಿಗೆ ಖುಷಿಗೆ ತಿಂತೀವಿ. ಇಲ್ಲಿ ಖುಷಿ ಇಲ್ಲ. ರುಚಿ ಕೂಡ ಗೊತ್ತಾಗಲ್ಲ ಅಂತ ಅವಳು ಹೇಳ್ತಿದ್ಲು.

ಎರಡು: ಆಮೇಲೆ ಭಯ, ನಾಚಿಕೆ. ತಿಂದಿದ್ದನ್ನ ‘ಇಲ್ಲ’ ಅನ್ನಿಸೋ ಪ್ರಯತ್ನ. ಕೆಲವರು ವಾಂತಿ ಮಾಡ್ಕೊಳ್ತಾರೆ. ಕೆಲವರು ಭೇದಿ ಮಾತ್ರೆ ತಗೊಳ್ತಾರೆ, ಕೆಲವರು ದಿನಗಟ್ಟಲೆ ಉಪವಾಸ ಕೂರ್ತಾರೆ. ಕೆಲವರು ಮೈ ಸೋತರೂ ಬಿಡದೆ ವ್ಯಾಯಾಮ ಮಾಡ್ತಾರೆ. ಹೌದು, ಜಿಮ್‌ನಲ್ಲಿ ‘ನಿನ್ನೆ ತಿಂದಿದ್ದಕ್ಕೆ ಶಿಕ್ಷೆ’ ಅಂತ ಬೆವರು ಸುರಿಸೋದೂ ಇದರ ಒಂದು ಮುಖ ಆಗಿರಬಹುದು.

ಮೂರು: ‘ನಾನು ಒಳ್ಳೆಯವಳಾ, ಕೆಟ್ಟವಳಾ’ ಅನ್ನೋದನ್ನ ಕನ್ನಡಿ ಮತ್ತು ತೂಕದ ಮಿಷನ್ ನಿರ್ಧಾರ ಮಾಡೋದು.

ವಾರಕ್ಕೊಮ್ಮೆಯಾದ್ರೂ, ಮೂರು ತಿಂಗಳು ನಡೆದ್ರೆ ಬುಲಿಮಿಯಾ ಅಂತ ಡಾಕ್ಟರ್‌ಗಳ ಪುಸ್ತಕ ಹೇಳುತ್ತೆ. ಅದು ಅವರ ಲೆಕ್ಕಕ್ಕೆ. ನೀವು ಮೂರು ತಿಂಗಳು ಎಣಿಸ್ತಾ ಕೂರ್ಬೇಡಿ. ಎರಡನೇ ಸಲ ಆದಾಗಲೇ ಯಾರಿಗಾದ್ರೂ ಹೇಳಿ.

4/10

ಈಗ ‘ಏನಾಗುತ್ತೆ ಬಿಡೇ, ಒಂದೆರಡು ಸಲ ತಾನೇ’ ಅನ್ನೋರಿಗೆ.

ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರ್ ಇಸಿಜಿ ಕಾಗದ ಹಿಡ್ಕೊಂಡು ನಮಗೆ ಬಿಡಿಸಿ ಹೇಳಿದ್ರು. ರಕ್ತದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಮಧ್ಯೆ ಇರಬೇಕು. ಅವಳದು 2ರಿಂದ ಶುರುವಾಗೋ ನಂಬರ್. ಹೃದಯ ತಾಳಕ್ಕೆ ಸರಿಯಾಗಿ ಬಡೀಬೇಕು ಅಂದ್ರೆ ಪೊಟ್ಯಾಸಿಯಂ ಬೇಕು. ಪದೇ ಪದೇ ವಾಂತಿ ಆದಾಗ ಮೈಯಲ್ಲಿನ ನೀರು, ಆಸಿಡ್ ಹೋಗುತ್ತೆ. ಅದನ್ನ ಸರಿದೂಗಿಸೋಕೆ ಹೋಗಿ ಕಿಡ್ನಿ ಪೊಟ್ಯಾಸಿಯಮ್ಮನ್ನ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಅದು ತುಂಬಾ ಕಮ್ಮಿ ಆದ್ರೆ ಕೈಕಾಲು ಸೋಲುತ್ತೆ, ಹೃದಯದ ತಾಳ ತಪ್ಪುತ್ತೆ. ಹೃದಯ ನಿಂತೂ ಹೋಗಬಹುದು. ಇಪ್ಪತ್ತು ವರ್ಷದವರಿಗೂ. ಬಾಳೆಹಣ್ಣು ತಿಂದು ಸರಿಮಾಡ್ಕೊಳ್ತೀನಿ ಅನ್ನೋ ವಿಷಯ ಅಲ್ಲ ಇದು.

ಹಲ್ಲು: ಹೊಟ್ಟೆಯ ಆಸಿಡ್ ಬಾಯಿಗೆ ಬಂದಾಗೆಲ್ಲ ಹಲ್ಲಿನ ಮೇಲಿನ ಎನಾಮಲ್ ಕರಗುತ್ತೆ. ಹೋದ ಎನಾಮಲ್ ಮತ್ತೆ ಬೆಳೆಯಲ್ಲ. ಅವಳಿಗೆ ಈಗಲೂ ಐಸ್‌ಕ್ರೀಂ ತಿಂದ್ರೆ ಹಲ್ಲು ಜುಂ ಅನ್ನುತ್ತೆ.

ಗಂಟಲು, ಅನ್ನನಾಳ: ಉರಿ, ಹುಣ್ಣು. ಒಳಗೆ ಸೀಳಿದ್ರೆ ರಕ್ತ ವಾಂತಿ.

ಮುಖ: ಕಿವಿ ಕೆಳಗಿನ ಜೊಲ್ಲು ಗ್ರಂಥಿಗಳು ಊದಿಕೊಳ್ತವೆ. ಕೆನ್ನೆ ದಪ್ಪ ಕಾಣುತ್ತೆ. ಸಣ್ಣ ಆಗೋಕೆ ಅಂತ ಶುರು ಮಾಡಿದ್ದು ಮುಖವನ್ನೇ ಊದಿಸುತ್ತೆ. ಆಗ ಭಯ ಇನ್ನೂ ಜಾಸ್ತಿ.

ಮುಟ್ಟು ಏರುಪೇರಾಗುತ್ತೆ. ಕಿಡ್ನಿಗೆ ಪೆಟ್ಟು ಬೀಳಬಹುದು. ಭೇದಿ ಮಾತ್ರೆಗೆ ಒಗ್ಗಿದ ಕರುಳು ತಾನಾಗಿ ಕೆಲಸ ಮಾಡೋದನ್ನೇ ಮರೆಯಬಹುದು.

ಇಷ್ಟೆಲ್ಲ ಆಗಿ ಲಾಭ ಏನು? ಅದೂ ಇಲ್ಲ. ಊಟದ ಸತ್ವ ಹೀರಿಕೊಳ್ಳೋದು ಸಣ್ಣ ಕರುಳು. ಭೇದಿ ಮಾತ್ರೆ ಕೆಲಸ ಮಾಡೋದು ಬಹುಪಾಲು ಅದರ ಮುಂದಿನ ದೊಡ್ಡ ಕರುಳಲ್ಲಿ. ಅಂದ್ರೆ ಹೋಗೋದು ನೀರು, ಉಪ್ಪು. ವಾಂತಿಯೂ ತಿಂದಿದ್ದೆಲ್ಲವನ್ನ ಹೊರಗೆ ತರಲ್ಲ. ಆ ರೀಲ್‌ನ ‘ಫಿಗರ್ರೂ ಉಳೀತು’ ಅನ್ನೋ ಸಾಲು ಶುದ್ಧ ಸುಳ್ಳು.

5/10

‘ಅವಳು ನೋಡೋಕೆ ಚೆನ್ನಾಗೇ ಇದ್ದಾಳಲ್ಲ.’

ಅವಳು ಬಿದ್ದ ಮೇಲೂ ಈ ಮಾತು ಬಂತು. ಲೆಕ್ಚರರ್ ಒಬ್ಬರು ‘ಬಿಸಿಲಿಗೆ ತಲೆ ಸುತ್ತಿರಬೇಕು’ ಅಂದ್ರು. ಪಿಜಿ ಆಂಟಿ ‘ದೃಷ್ಟಿ ಆಗಿದೆ’ ಅಂತ ಮೆಣಸಿನಕಾಯಿ ನಿವಾಳಿಸಿದ್ರು. ಅವರ ಪ್ರೀತಿ ಬಗ್ಗೆ ನನಗೆ ಅನುಮಾನ ಇಲ್ಲ. ಆದ್ರೆ ಯಾರಿಗೂ ಕಾಯಿಲೆ ಕಾಣಲಿಲ್ಲ.

ಯಾಕೆ ಕಾಣಲಿಲ್ಲ? ಈಟಿಂಗ್ ಡಿಸಾರ್ಡರ್ ಅಂದ್ರೆ ಮೂಳೆ ಎದ್ದು ಕಾಣೋ ಹುಡುಗಿ ಅಂತ ನಮ್ಮ ತಲೇಲಿ ಒಂದು ಚಿತ್ರ ಇದೆ. ಅದು ಅನೊರೆಕ್ಸಿಯಾ, ಬೇರೆ ಕಾಯಿಲೆ. ಬುಲಿಮಿಯಾ ಇರೋರಲ್ಲಿ ಬಹಳ ಜನರ ತೂಕ ನಿಮ್ಮ ನನ್ನ ಹಾಗೇ ಇರುತ್ತೆ. ಕೆಲವರು ಸ್ವಲ್ಪ ದಪ್ಪವೇ ಇರ್ತಾರೆ.

ನಾವು ಬಿಕಾಂನವರಿಗೆ ಇದು ಬೇಗ ಅರ್ಥ ಆಗಬೇಕು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ್ರೆ ಲೆಕ್ಕ ಸರಿ ಇದೆ ಅಂತ ಅಲ್ಲ ಅಂತ ಫಸ್ಟ್ ಸೆಮ್‌ನಲ್ಲೇ ಹೇಳಿಕೊಟ್ಟಿದ್ದಾರೆ. ಎರಡೂ ಕಡೆ ಸಮ ಬಂದಿರುತ್ತೆ, ಒಳಗೆ ತಪ್ಪಿನ ಮೇಲೆ ತಪ್ಪು ಕೂತಿರುತ್ತೆ. ತೂಕದ ಮಿಷನ್ನೂ ಅಷ್ಟೇ. ಹೊರಗೆ ಟ್ಯಾಲಿ. ಒಳಗೆ ಪೊಟ್ಯಾಸಿಯಂ ಇಲ್ಲ.

ಹಾಗಾದ್ರೆ ಏನು ನೋಡಬೇಕು? ಪ್ರತಿ ಊಟ ಆದ ಕೂಡಲೇ ಬಾತ್‌ರೂಮಿಗೆ ಹೋಗೋದು. ಎಲ್ಲರ ಜೊತೆ ಊಟಕ್ಕೆ ಬರೋದು ತಪ್ಪಿಸೋದು. ತಿಂಡಿ ಕಾಣೆಯಾಗೋದು, ಮಂಚದ ಕೆಳಗೆ ಕವರ್‌ಗಳು ಸಿಗೋದು. ಬೆರಳಿನ ಗೆಣ್ಣಿನ ಮೇಲೆ ವಾಸಿಯಾಗದ ಗಾಯ. ಊದಿದ ಕೆನ್ನೆ, ಯಾವಾಗಲೂ ಗಂಟಲು ನೋವು. ತಿಂದಿದ್ದರ ಬಗ್ಗೆ ಇಡೀ ದಿನ ಮಾತು, ತನ್ನ ಮೈ ಬಗ್ಗೆ ಬರೀ ಬೈಗುಳ.

ಇದರಲ್ಲಿ ಒಂದು ಕಂಡ ಕೂಡಲೇ ‘ನಿನಗೆ ಬುಲಿಮಿಯಾ’ ಅಂತ ತೀರ್ಪು ಕೊಡಬೇಡಿ, ನೀವು ಡಾಕ್ಟರಲ್ಲ. ಹತ್ತಿರ ಹೋಗಿ ಕೂರೋದಕ್ಕೆ ಒಂದು ಕಾರಣ ಸಿಕ್ತು ಅಂದ್ಕೊಳ್ಳಿ.

6/10

‘ಬಾಯಿಗೆ ಕಂಟ್ರೋಲ್ ಇಲ್ಲ, ಅಷ್ಟೇ.’

ನನಗೆ ಅತಿ ಹೆಚ್ಚು ಸಿಟ್ಟು ಬರೋ ಮಾತು ಇದು. ಚಕ್ಕುಲಿ ಡಬ್ಬಿ ದಿನ ನಾನೂ ಇದನ್ನೇ ಅಂದಿದ್ದೆ.

ಒಂದು ಪ್ರಯೋಗದ ಕಥೆ ಕೇಳಿ. 1944-45, ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಅನ್ನೋ ವಿಜ್ಞಾನಿ, ಹಸಿವಿನಿಂದ ಬಳಲಿದ ಜನರಿಗೆ ಮತ್ತೆ ಊಟ ಕೊಡೋದು ಹೇಗೆ ಅಂತ ತಿಳಿಯೋಕೆ 36 ಯುವಕರನ್ನ ಆರಿಸಿದ್ರು. ಎಲ್ಲರೂ ಗಟ್ಟಿಮುಟ್ಟು. ಮನಸ್ಸೂ ಗಟ್ಟಿ: ಯುದ್ಧದಲ್ಲಿ ಕೊಲ್ಲಲ್ಲ ಅಂತ ಸರ್ಕಾರದ ಎದುರು ನಿಂತವರು. ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ.

ಏನಾಯ್ತು? ಅವರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಬರದೆ ಹೋಯ್ತು. ಗಂಡಸರು ಕೂತು ಅಡುಗೆ ಪುಸ್ತಕ ಓದಿದ್ರು. ಸಿಡುಕು, ಬೇಸರ. ಆಮೇಲೆ ಊಟ ಬಿಟ್ಟಾಗ ಕೆಲವರು ಹೊಟ್ಟೆ ಬಿರಿಯೋವರೆಗೆ ತಿಂದ್ರು, ಆದ್ರೂ ಹಸಿವು ಅಂದ್ರು.

ಅವರಿಗೆ ಕಂಟ್ರೋಲ್ ಇರಲಿಲ್ವಾ? ಜೈಲಿಗೆ ಹೋದ್ರೂ ಸರಿ, ಬಂದೂಕು ಮುಟ್ಟಲ್ಲ ಅನ್ನೋ ಮನಸ್ಸಿದ್ದವರು ಅವರು!

ಮೈಗೆ ಬರಗಾಲಕ್ಕೂ ‘10 ದಿನದ ಚಾಲೆಂಜ್’ಗೂ ವ್ಯತ್ಯಾಸ ಗೊತ್ತಾಗಲ್ಲ. ಹಸಿವಿಗೆ ಹಾಕಿದ್ರೆ ಅದು ಒಂದಿನ ತಿರುಗಿ ಬೀಳುತ್ತೆ, ಸಿಕ್ಕಿದ್ದನ್ನೆಲ್ಲ ತಿನ್ನಿಸುತ್ತೆ. ತಿಂದ ಮೇಲೆ ಭಯ. ಭಯಕ್ಕೆ ವಾಂತಿ. ನಾಳೆಯಿಂದ ಇನ್ನೂ ಕಟ್ಟುನಿಟ್ಟು. ಮತ್ತೆ ಹಸಿವು. ಇದು ಗಾಣ. ಎತ್ತು ಸುತ್ತಾ ಇರುತ್ತೆ, ನಾವು ಹೊರಗೆ ನಿಂತು ‘ಇದಕ್ಕೆ ಕಂಟ್ರೋಲ್ ಇಲ್ಲ’ ಅಂತೀವಿ.

ಎಲ್ಲರಿಗೂ ಡಯಟ್‌ನಿಂದಲೇ ಬರುತ್ತೆ ಅಂತ ಹೇಳ್ತಿಲ್ಲ. ಮನೆತನದಲ್ಲಿ ಬರೋ ಗುಣ, ಆತಂಕ, ಖಿನ್ನತೆ, ಚಿಕ್ಕಂದಿನಲ್ಲಿ ಆದ ನೋವು, ತೂಕದ ಬಗ್ಗೆ ಕೇಳಿದ ಗೇಲಿ, ಎಲ್ಲಾ ಸೇರುತ್ತೆ. ಸೋಮಾರಿತನ, ಹೊಟ್ಟೆಬಾಕತನ ಆ ಪಟ್ಟಿಯಲ್ಲಿಲ್ಲ.

7/10

‘ಇದು ಫಾರಿನ್ ಕಾಯಿಲೆ. ದುಡ್ಡಿದ್ದವರ ಹುಡುಗೀರಿಗೆ ಬರೋದು.’

ಸರಿ, ಕ್ರಿಕೆಟ್ ಮಾತಾಡೋಣ. 2007ರ ಟಿ20 ವಿಶ್ವಕಪ್. ಯುವರಾಜ್ ಸಿಂಗ್ ಆರು ಬಾಲಿಗೆ ಆರು ಸಿಕ್ಸ್. ಅದಕ್ಕೂ ಮುಂಚೆ ಯುವರಾಜ್‌ನ ಕೆಣಕಿ ಜಗಳ ತೆಗೆದವನು ಯಾರು? ಆ್ಯಂಡ್ರ್ಯೂ ಫ್ಲಿಂಟಾಫ್. ಆರಡಿ ಮೀರಿದ ಆಳು, ಇಂಗ್ಲೆಂಡಿನ ಫಾಸ್ಟ್ ಬೌಲರ್, 2005ರ ಆ್ಯಶಸ್‌ನ ಹೀರೋ. ಪೇಪರ್‌ನವರು ‘ದಪ್ಪಗಿದ್ದಾನೆ’ ಅಂತ ಆಡಿಕೊಂಡಿದ್ದೇ ಆತನನ್ನ ಬುಲಿಮಿಯಾಗೆ ತಳ್ಳಿತ್ತು. ಆಡ್ತಾ ಇದ್ದಾಗಲೇ ಅದನ್ನ ಮುಚ್ಚಿಟ್ಟುಕೊಂಡು ಬದುಕಿದ್ದ. 2020ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರದಲ್ಲಿ ಆತನೇ ಎಲ್ಲಾ ಹೇಳ್ಕೊಂಡ.

ಹಾಗಾಗಿ ಹುಡುಗರೇ, ನಿಮಗೂ ಸೇರಿಸಿಯೇ ಬರೀತಿದ್ದೀನಿ. ‘ಕಟಿಂಗ್’ ‘ಚೀಟ್ ಡೇ’ ಅಂತ ನೀವು ಇಟ್ಟಿರೋ ಹೆಸರುಗಳ ಹಿಂದೆ ಇದೇ ಗಾಣ ಇರಬಹುದು. ‘ಹುಡುಗೀರ ಕಾಯಿಲೆ’ ಅಂತ ನಾಚಿಕೊಂಡು ಕೂತ್ರೆ ನಿಮಗೆ ಸಹಾಯ ಸಿಗೋದು ಇನ್ನೂ ತಡ.

ಬ್ರಿಟನ್ನಿನ ರಾಜಕುಮಾರಿ ಡಯಾನಾ 1995ರಲ್ಲಿ ಟಿವಿ ಸಂದರ್ಶನದಲ್ಲಿ ತನಗೆ ವರ್ಷಗಟ್ಟಲೆ ಬುಲಿಮಿಯಾ ಇತ್ತು ಅಂತ ಹೇಳಿದ್ರು. ಅರಮನೆ, ಆಳುಕಾಳು ಎಲ್ಲಾ ಇದ್ದವರು. ನಮ್ಮ ದೇಶದ್ದೇ ಬೇಕಾ? ಹಿಂದಿ ನಟಿ ರಿಚಾ ಚಡ್ಡಾ ತನಗೂ ಇತ್ತು ಅಂತ ವೇದಿಕೆ ಮೇಲೆ ನಿಂತು ಹೇಳಿದ್ದಾರೆ.

ದುಡ್ಡಿದ್ದವರಿಗೆ ಮಾತ್ರ ಅಂತೀರಾ? ನನ್ನ ರೂಮ್‌ಮೇಟ್ ಅಪ್ಪ ಎರಡು ಎಕರೆ ಮೆಕ್ಕೆಜೋಳದ ರೈತ. ಅವಳ ನೋವು ಡಬಲ್. ‘ಅನ್ನ ದೇವರು, ಒಂದಗುಳೂ ಚೆಲ್ಲಬಾರದು’ ಅಂತ ಬೆಳೆದವಳು. ಪ್ರತಿ ಸಲ ವಾಂತಿ ಆದ ಮೇಲೆ ಅಪ್ಪನ ಬೆವರು ಸಿಂಕಿಗೆ ಸುರಿದ ಹಾಗೆ ಅನ್ನಿಸ್ತಿತ್ತಂತೆ. ಆ ಪಾಪಪ್ರಜ್ಞೆಯೇ ಬಾಯಿ ಕಟ್ಟಿತ್ತು.

ದುಡ್ಡಿದ್ದವರಿಗೆ ಕಾಯಿಲೆ ಜಾಸ್ತಿ ಬರುತ್ತೆ ಅಂತಲ್ಲ. ದುಡ್ಡಿದ್ದವರ ಕಾಯಿಲೆಗೆ ಬೇಗ ಹೆಸರು ಸಿಗುತ್ತೆ.

8/10

ಈಗ ನಮ್ಮ ಸರದಿ. ನನ್ನನ್ನೂ ಸೇರಿಸಿ.

ಈ ಆ್ಯಪ್‌ನಲ್ಲೇ ಕೂತು ಇದನ್ನ ಬರೀತಿದ್ದೀನಿ, ಗೊತ್ತು. 2021ರಲ್ಲಿ ಫ್ರಾನ್ಸಿಸ್ ಹೌಗನ್ ಅನ್ನೋ ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಕಂಪನಿಯ ಒಳಗಿನ ಕಾಗದಪತ್ರ ಹೊರಗೆ ತಂದ್ರು. ತಮ್ಮ ಮೈ ಬಗ್ಗೆ ಮೊದಲೇ ಬೇಸರ ಇದ್ದ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬರಿಗೆ ಇನ್‌ಸ್ಟಾಗ್ರಾಂ ಆ ಬೇಸರವನ್ನ ಹೆಚ್ಚಿಸುತ್ತೆ ಅಂತ ಅವರದೇ ಸಂಶೋಧನೆಯಲ್ಲಿತ್ತು. ಅವರಿಗೆ ಗೊತ್ತಿತ್ತು. ಈಗ ನಮಗೂ ಗೊತ್ತು. ಗೊತ್ತಿದ್ದೂ ‘ಬಿಫೋರ್-ಆಫ್ಟರ್’ ಫೋಟೋಗೆ ಬೆಂಕಿ ಇಮೋಜಿ ಹಾಕೋದು ನಾವೇ ತಾನೇ?

ಎಥ್ನಿಕ್ ಡೇಗೆ ಎರಡು ವಾರ ಇದೆ ಅಂದ್ರೆ ಕ್ಲಾಸಲ್ಲಿ ಅರ್ಧ ಜನ ಊಟ ಬಿಡ್ತಾರೆ. ಸೀರೆ ಎಂಥಾ ಮೈಗೂ ಹೊಂದೋ ಬಟ್ಟೆ ಕಣ್ರೇ! ನಮ್ಮ ಅಜ್ಜಿಯರು ಹದಿನೆಂಟಕ್ಕೂ ಎಪ್ಪತ್ತಕ್ಕೂ ಅದೇ ಸೀರೆ ಉಟ್ರು. ಅದಕ್ಕೆ ಫಿಟ್ ಆಗೋಕೆ ಉಪವಾಸ ಮಾಡೋ ಮೊದಲ ತಲೆಮಾರು ನಾವೇ ಇರಬೇಕು.

ಮದುವೆ ಮನೇಲಿ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆ ಆಂಟಿ. ‘ದಪ್ಪ ಆಗಿದ್ದೀಯ’ ಅನ್ನೋದೇ ಅವರಿಗೆ ‘ಹೇಗಿದ್ದೀಯ’. ಬೈಬೇಡಿ. ಆದ್ರೆ ಮೆತ್ತಗೆ ಹೇಳಿ: ‘ಅತ್ತೆ, ಮೈ ಮಾತು ಬಿಡಿ, ನನ್ನ ಓದು ಹೇಗಿದೆ ಅಂತ ಕೇಳಿ.’ ನಾನು ಹೇಳಿದೆ. ಆಕಾಶ ಕಳಚಿ ಬೀಳಲಿಲ್ಲ.

ಕಾಲೇಜು? ನೋಟಿಸ್ ಬೋರ್ಡ್ ಮೇಲೆ ‘ಆಪ್ತ ಸಮಾಲೋಚನಾ ಕೊಠಡಿ’ ಅಂತ ಇತ್ತು. ಹುಡುಕಿಕೊಂಡು ಹೋದ್ರೆ ಹಳೇ ಉತ್ತರಪತ್ರಿಕೆ ಕಟ್ಟು, ಮುರಿದ ಬೆಂಚು. ಬೀಗ ತೆಗೆದಿದ್ದು ಕಮಿಟಿ ಬಂದ ದಿನ ಮಾತ್ರ. ಫೆಸ್ಟ್‌ಗೆ ಡಿಜೆ ಬೇಕು ಅಂತ ಪ್ರಿನ್ಸಿಪಾಲ್ ರೂಮ್ ಮುಂದೆ ಧರಣಿ ಕೂರ್ತೀವಿ. ಆ ಬೀಗಕ್ಕೆ ಒಂದು ಅರ್ಜಿ ಕೊಡೋಕೆ ಏನು ಕಷ್ಟ? ಸೋಮವಾರ ನಾನು ಬರೀತಿದ್ದೀನಿ. ಸಹಿ ಹಾಕೋಕೆ ಬನ್ನಿ.

9/10

ಸಹಾಯ. ಇದನ್ನ ಸೇವ್ ಮಾಡ್ಕೊಳ್ಳಿ.

ಈ ಕೂಡಲೇ ಆಸ್ಪತ್ರೆಗೆ ಹೋಗಬೇಕಾದದ್ದು: ತಲೆಸುತ್ತಿ ಬಿದ್ರೆ, ಎದೆ ಬಡಿತ ತಪ್ಪಿದ ಹಾಗೆ ಅನ್ನಿಸಿದ್ರೆ, ಎದೆ ನೋವು ಬಂದ್ರೆ, ವಾಂತಿಯಲ್ಲಿ ರಕ್ತ ಕಂಡ್ರೆ, ಕೈಕಾಲು ಸೆಟೆದುಕೊಂಡ್ರೆ ಅಥವಾ ಶಕ್ತಿಯೇ ಇಲ್ಲ ಅನ್ನಿಸಿದ್ರೆ, ಬದುಕೋದು ಬೇಡ ಅನ್ನೋ ಯೋಚನೆ ಬಂದ್ರೆ. 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಮಾತಾಡಬೇಕು, ಯಾರ ಹತ್ತಿರ ಅಂತ ಗೊತ್ತಿಲ್ಲ ಅಂದ್ರೆ: ಟೆಲಿ ಮಾನಸ್, 14416. ಸರ್ಕಾರದ್ದು, 2022ರಲ್ಲಿ ಶುರುವಾಗಿದ್ದು. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ್: ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲೆಯಲ್ಲೇ ಮಾನಸಿಕ ಆರೋಗ್ಯ ಸೇವೆ ಕೊಡೋದು ಹೇಗೆ ಅಂತ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ದೇಶವೇ ಆ ಮಾದರಿ ತಗೊಂಡಿದೆ. ನಾವು ಮಾತ್ರ ಆ ಬಾಗಿಲಿಗೆ ಹೋಗೋಕೆ ನಾಚ್ತೀವಿ.

ಅಲ್ಲಿ ಏನು ಮಾಡ್ತಾರೆ? ರಕ್ತ ಪರೀಕ್ಷೆ, ಇಸಿಜಿ. ಆಮೇಲೆ ಮಾತು. ಸಿಬಿಟಿ ಅನ್ನೋ ಚಿಕಿತ್ಸೆ ಬುಲಿಮಿಯಾಗೆ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಸಾಬೀತಾಗಿದೆ. ಅದರಲ್ಲಿ ಮೊದಲ ಪಾಠವೇ ಹೊತ್ತುಹೊತ್ತಿಗೆ ಊಟ ಮಾಡೋದು. ಹೌದು, ಗುಣ ಆಗೋಕೆ ತಿನ್ನಬೇಕು! ಹಸಿವಿಗೆ ಹಾಕದಿದ್ರೆ ಗಾಣ ನಿಧಾನ ಆಗುತ್ತೆ. ಕೆಲವರಿಗೆ ಫ್ಲುಒಕ್ಸೆಟಿನ್ ಅನ್ನೋ ಮಾತ್ರೆ ಕೊಡ್ತಾರೆ. ಅದನ್ನ ಡಾಕ್ಟರ್ ಬರೆದ್ರೆ ಮಾತ್ರ, ನೀವಾಗಿ ಮೆಡಿಕಲ್ ಶಾಪಲ್ಲಿ ತಗೋಬೇಡಿ.

‘ಮನೇಲಿ ಗೊತ್ತಾಗುತ್ತೆ’ ಅನ್ನೋ ಭಯ? 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆ ವಿಷಯ ಗೌಪ್ಯವಾಗಿಡೋದು ನಿಮ್ಮ ಹಕ್ಕು. ಹದಿನೆಂಟು ತುಂಬಿದ್ರೆ ನೀವೇ ಹೋಗಬಹುದು. ಅದೇ ಕಾಯ್ದೆ ಇನ್ಶೂರೆನ್ಸ್ ಕಂಪನಿಗಳಿಗೂ ಹೇಳುತ್ತೆ: ಮೈ ಕಾಯಿಲೆಗೆ ಹೇಗೆ ವಿಮೆ ಕೊಡ್ತೀರೋ ಮನಸ್ಸಿನ ಕಾಯಿಲೆಗೂ ಹಾಗೇ ಕೊಡಬೇಕು. ಮನೆಯ ಪಾಲಿಸಿ ಕಾಗದ ತೆಗೆದು ಓದಿ. ಬಿಕಾಂ ಓದಿದ್ದು ಯಾವಾಗ ಉಪಯೋಗಕ್ಕೆ ಬರಬೇಕು ಮತ್ತೆ?

10/10

ಕೊನೇದು. ಎರಡು ಜನಕ್ಕೆ.

ಮೊದಲು, ನಿಮ್ಮ ಫ್ರೆಂಡ್ ಬಗ್ಗೆ ಅನುಮಾನ ಇರೋರಿಗೆ. ಒಬ್ಬರೇ ಇದ್ದಾಗ ಮಾತಾಡಿಸಿ, ಊಟದ ತಟ್ಟೆ ಮುಂದೆ ಬೇಡ. ‘ಯಾಕೆ ಹೀಗ್ ಮಾಡ್ತೀಯ’ ಅನ್ನಬೇಡಿ. ‘ನೀನು ಇತ್ತೀಚೆಗೆ ಒಬ್ಬಳೇ ಒದ್ದಾಡ್ತಿದ್ದೀಯ ಅನ್ನಿಸ್ತಿದೆ, ನನಗೆ ಭಯ ಆಗ್ತಿದೆ’ ಅನ್ನಿ. ಇಲ್ಲ ಅಂತಾಳೆ. ಸಿಟ್ಟಾಗ್ತಾಳೆ. ಬಿಡಬೇಡಿ, ಇನ್ನೊಂದು ದಿನ ಮತ್ತೆ ಕೇಳಿ. ತೂಕ, ಮೈ, ತಿನ್ನೋದರ ಲೆಕ್ಕ, ಯಾವುದೂ ಬೇಡ. ಹೊಗಳಿಕೆಯೂ ಬೇಡ. ಆಸ್ಪತ್ರೆಗೆ ಜೊತೆಗೆ ಹೋಗಿ, ಚೀಟಿ ಮಾಡಿಸೋ ಸಾಲಲ್ಲಿ ನೀವೇ ನಿಲ್ಲಿ. ಮತ್ತೆ, ದಯವಿಟ್ಟು, ‘ಯಾರಿಗೂ ಹೇಳಲ್ಲ’ ಅಂತ ಆಣೆ ಮಾಡಬೇಡಿ. ‘ನಿನ್ನ ಬಿಟ್ಟು ಹೋಗಲ್ಲ, ಆದ್ರೆ ಜೀವಕ್ಕೆ ಅಪಾಯ ಅನ್ನಿಸಿದ್ರೆ ದೊಡ್ಡವರಿಗೆ ಹೇಳ್ತೀನಿ’ ಅನ್ನಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ಈಗ ನಿನಗೆ. ನಾಲ್ಕನೇ ಪೋಸ್ಟ್ ಓದಿ ಫೋನ್ ಕೆಳಗಿಟ್ಟು ಮತ್ತೆ ಎತ್ಕೊಂಡವಳೇ, ಎತ್ಕೊಂಡವನೇ. ನೀನು ಕೆಟ್ಟವಳಲ್ಲ. ನಿನ್ನದು ನಾಚಿಕೆಗೇಡು ಅಲ್ಲ, ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ‘ಇನ್ನೂ ಅಷ್ಟು ಸೀರಿಯಸ್ ಆಗಿಲ್ಲ’ ಅಂತ ಕಾಯಬೇಡ. ಬೇಗ ಹೋದಷ್ಟೂ ಬೇಗ ಗುಣ. ಇವತ್ತು ಒಬ್ಬರಿಗೆ ಹೇಳು. ಬಾಯಲ್ಲಿ ಬರದಿದ್ರೆ ಈ ಪೋಸ್ಟ್ ಕಳಿಸಿ ‘ಇದು ನಾನು’ ಅಂತ ಎರಡೇ ಪದ ಬರಿ. ಯಾರೂ ಇಲ್ಲ ಅಂದ್ರೆ ನನಗೆ ಕಳಿಸು. ನಾನು ಡಾಕ್ಟರಲ್ಲ, ಆದ್ರೆ ಜೊತೆಗೆ ಬಸ್ ಹತ್ತುತೀನಿ.

ನನ್ನ ರೂಮ್‌ಮೇಟ್‌ಗೆ ಒಂದೂವರೆ ವರ್ಷದ ಚಿಕಿತ್ಸೆ ಆಯ್ತು. ನಡುವೆ ಎರಡು ಸಲ ಜಾರಿದ್ಲು, ಮತ್ತೆ ಎದ್ಲು. ಈಗಲೂ ಕೆಲವು ದಿನ ಕಷ್ಟ. ಹೋದ ಭಾನುವಾರ ಇಬ್ಬರೂ ಬೆಣ್ಣೆ ದೋಸೆಗೆ ಹೋಗಿದ್ವಿ. ಎರಡು ತಿಂದ್ಲು, ಪಲ್ಯ ಕಮ್ಮಿ ಅಂತ ಜಗಳ ಆಡಿದ್ಲು, ಆಮೇಲೆ ಅಲ್ಲೇ ಕೂತು ಅರ್ಧ ಗಂಟೆ ಮಾತಾಡಿದ್ವಿ. ಅಷ್ಟೇ. ಅಷ್ಟಕ್ಕೇ ನನಗೆ ಕಣ್ಣಲ್ಲಿ ನೀರು ಬಂತು.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಎಲ್ಲರೂ ಹೇಳ್ತಾರೆ. ಗಾದೆಯ ಇನ್ನರ್ಧ ಮರೆತುಬಿಟ್ಟಿದ್ದಾರೆ: ಮಾತು ಬಲ್ಲವನಿಗೆ ಜಗಳವಿಲ್ಲ. ಊಟ ಕಲಿಯೋದಕ್ಕೆ ಮುಂಚೆ ನಾವು ಮಾತು ಕಲಿಯೋಣ. ಮುಂದಿನ ಸಲ ಯಾರನ್ನಾದ್ರೂ ತುಂಬಾ ದಿನದ ಮೇಲೆ ನೋಡಿದಾಗ ಮೈ ನೋಡಬೇಡಿ.

‘ಹೇಗಿದ್ದೀಯ?’ ಅಂತ ಕೇಳಿ. ಕೇಳಿದ ಮೇಲೆ ಉತ್ತರಕ್ಕೆ ನಿಲ್ಲಿ.

#ಬುಲಿಮಿಯಾ #ಜೋಕ್‌ಅಲ್ಲ #ಹೇಗಿದ್ದೀಯ #14416